ಚೌರಮ್ಮನ ಉಪವಾಸ

ಪ್ಲೇಗಿನ ವರ್ಷ ಗಂಡನನ್ನು ಮಣ್ಣು ಮಾಡಿದ ಮೇಲೆ ಚೌರಮ್ಮನಿಗೆ ಉಳಿದದ್ದು ಎರಡು ಸೀರೆ, ಒಂದು ಜಪಮಾಲೆ, ಮತ್ತೆ ಊರಾಚೆ ಹುಲ್ಲು ಹೊದಿಸಿದ ಮಾತೆ ಮರಿಯಮ್ಮನ ಪುಟ್ಟ ಗುಡಿ. ಅದರ ನೆಲ ಸಾರಿಸಿ, ಸಂಜೆ ದೀಪ ಹಚ್ಚಿ, ಇದ್ದ ನಾಲ್ಕು ಮನೆಯ ಕ್ರೈಸ್ತರನ್ನು ಕೂರಿಸಿಕೊಂಡು ಜಪ ಹೇಳಿಸುತ್ತಿದ್ದಳು. ಯಾರೂ ಒಪ್ಪಿಸಿದ ಕೆಲಸವಲ್ಲ. ಹಗಲೆಲ್ಲ ಶಿವಲಿಂಗಮ್ಮನ ಹೊಲದಲ್ಲಿ ಕಳೆ ಕಿತ್ತು ಬಂದ ಸೊಂಟ ಹೊತ್ತು ಮೊಣಕಾಲೂರುವುದೆಂದರೆ ಸುಮ್ಮನೆಯೇ? ಹೀಗೇ ಇಪ್ಪತ್ತು ವರ್ಷ ಸವೆಸಿದಳು.

ಪಾದ್ರಿಗಳು ನಡೆಸುವ ಬಲಿಪೂಜೆ ಬೇಕೆಂದರೆ ಏಳು ಮೈಲಿ ನಡೆದು ಕಾನಕಾನಹಳ್ಳಿಗೆ ಹೋಗಬೇಕು. ಫ್ರಾನ್ಸಿನ ಪಾದ್ರಿ ಸ್ವಾಮಿ ಕುದುರೆಯೇರಿ ಅಲ್ಲಿಗೆ ಬರುತ್ತಿದ್ದುದು ವರ್ಷಕ್ಕೆ ಮೂರೇ ಸಲ. ಪೂಜೆಯಲ್ಲಿ ಸ್ವಾಮಿ ನಾಲಗೆಯ ಮೇಲಿಡುವ ರೊಟ್ಟಿಯ ಚೂರು, ಆ ಪರಮಪ್ರಸಾದ ತೆಗೆದುಕೊಳ್ಳುವವರು ನಡುರಾತ್ರಿಯಿಂದ ತೊಟ್ಟು ನೀರನ್ನೂ ಮುಟ್ಟುವಂತಿಲ್ಲ. ಆ ಕಟ್ಟಳೆ ಮಾಡಿದ ಮಹಾನುಭಾವರು ಯಾರೂ ಈ ದಾರಿಯಲ್ಲಿ ನಡೆದವರಲ್ಲ, ಬಿಡಿ.

ಆ ಸಲ ಅವಳ ಕಾಲು ಬಾತಿತ್ತು. ಇದೇ ಕೊನೆಯ ನಡಿಗೆ ಎಂದು ಗೊತ್ತಾಗಿಹೋಗಿತ್ತು. ಇನ್ನೊಂದೇ ಒಂದು ಸಲ ಪ್ರಸಾದ ನಾಲಗೆಗೆ ಬಿದ್ದರೆ ಸಾಕೆಂದು ಕೋಳಿ ಕೂಗುವಾಗಲೇ ಹೊರಟಳು. ಹೊಲದ ಹತ್ತಿರ ಬರುವಷ್ಟರಲ್ಲೇ ಕಣ್ಣು ಕತ್ತಲೆ ಬಂತು. ಬದುವಿನ ಮೇಲಿದ್ದ ಶಿವಲಿಂಗಮ್ಮ ದಿನದಂತೆ ಮಜ್ಜಿಗೆಯ ಚೊಂಬು ಚಾಚಿದಳು. ಎಷ್ಟೋ ವರ್ಷದ ರೂಢಿ, ಕೈ ತಾನಾಗಿ ಹೋಯಿತು. ಅರ್ಧ ಚೊಂಬು ಖಾಲಿಯಾದ ಮೇಲೆ ಉಪವಾಸದ ನೆನಪಾಯಿತು.

ಮಜ್ಜಿಗೆ ಕೊಟ್ಟವಳನ್ನು ಬೈಯಲಾದೀತೇ? ಸೆರಗಿನಿಂದ ಬಾಯೊರೆಸಿಕೊಂಡು ಮುಂದೆ ನಡೆದಳು. ಪೂಜೆಗೆ ಬಂದವರಲ್ಲಿ ಯಾರೂ ಅದನ್ನು ಕಂಡಿರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಆದರೂ ಪ್ರಸಾದದ ಹೊತ್ತಿಗೆ ಎಲ್ಲರೂ ಎದ್ದುಹೋದಾಗ ಚೌರಮ್ಮ ಹಿಂದಿನ ಗೋಡೆಗೊರಗಿ ಕುಳಿತೇ ಇದ್ದಳು. ಅಳುವುದಕ್ಕೂ ತ್ರಾಣವಿರಲಿಲ್ಲ, ಅಷ್ಟು ದಣಿದಿದ್ದಳು.

ಪೂಜೆ ಮುಗಿದ ಮೇಲೆ ಸ್ವಾಮಿ ಹತ್ತಿರ ಬಂದು, ಇಷ್ಟು ದೂರ ನಡೆದು ಬಂದವಳು ಯಾಕೆ ಎದ್ದು ಬರಲಿಲ್ಲವೆಂದು ಕೇಳಿದರು. ಅವಳು ಮಜ್ಜಿಗೆಯ ಸಂಗತಿ ಮುಚ್ಚುಮರೆಯಿಲ್ಲದೆ ಹೇಳಿದಳು. ಅವರ ಮುಖ ಸಣ್ಣದಾಯಿತು. ಕಟ್ಟಳೆ ಮುರಿಯುವುದು ತಮ್ಮ ಕೈಲಾಗದು, ಸಾವಿನ ಹಾಸಿಗೆ ಹಿಡಿದವರಿಗೆ ಮಾತ್ರ ಈ ಉಪವಾಸವಿಲ್ಲ ಎಂದರು.

ಚೌರಮ್ಮ ಬಾತ ಕಾಲನ್ನು ನೀವಿಕೊಂಡಳು.

"ಹಂಗಾರೆ ಮುಂದಿನ್ ಸಲ ನೀವೇ ನಮ್ಮೂರ್ಗೆ ಬನ್ನಿ ಸ್ವಾಮಿ," ಎಂದಳು. "ಅಲ್ಲೀಗಂಟ ಜೀವ ಹಿಡ್ಕಂಡು ಮನಗಿರ್ತೀನಿ."