ದೋಟಿ ತುದೀಲಿ ಫೈವ್‌ಜಿ

ತುರುವೇಕೆರೆ ಬಸ್‌ಸ್ಟ್ಯಾಂಡಲ್ಲಿ ನಿಂತು ಹೆಂಡತಿ ಫೋನಿಂದ ಬರೀತಿದೀನಿ ಕಣ್ರಪ್ಪಾ. ಫೈವ್‌ಜಿ ಮಾಡ್ತೀವಿ ಅಂತ ಟವರ್‌ಗೆ ಕೈ ಹಾಕಿದಾಗಿಂದ ನಮ್ಮ ತೋಟದಲ್ಲಿ ಸಿಗ್ನಲ್ಲು ತೆಂಗಿನ ಸುಳಿ ಬಿಟ್ಟು ಕೆಳಗಿಳೀತಿಲ್ಲ. ನನ್ನ ದೂರಿಗೆ ಇವತ್ತು ಕಂಪನಿಯವರೇ ಫೋನ್ ಮಾಡ್ತೀವಿ ಅಂದಿದ್ರು. ಅದಕ್ಕೇ ಕಾಯಿ ಕೀಳೋ ದೋಟಿ ತುದೀಗೆ ಫೋನ್ ಕಟ್ಟಿ, ಅಪ್ಪನ ಕೈಲಿ ಎತ್ತಿ ಹಿಡಿಸಿ, ಕಿವಿಗೆ ಬ್ಲೂಟೂತ್ ಸಿಕ್ಕಿಸಿಕೊಂಡು ಕಾದೆ. ಬಂತು ಫೋನು.

"ಸರ್, ನಿಮಗೆ ಸಿಗ್ನಲ್ ಫುಲ್ ಇದೆಯಲ್ಲಾ!" ಅಂದ್ಲು ಹುಡುಗಿ.

"ಫುಲ್ ಇರೋದು ಮರದ ಮೇಲೆ ಕಣಮ್ಮಾ, ನಾನು ಕೆಳಗಿದೀನಿ!"

"ಹಾಗಾದ್ರೆ ನೀವೂ ಫೋನ್ ಹತ್ರಾನೇ ಇರಿ ಸರ್."

ಅಷ್ಟರಲ್ಲಿ ಅಪ್ಪನ ಕಣ್ಣಿಗೆ ಬಲಿತ ಕಾಯೊಂದು ಬಿತ್ತು. ದೋಟಿ ಹಿಡಿದ ಕೈ ಸುಮ್ನಿರುತ್ತಾ? ಎಳೆದೇಬುಟ್ಟ. ಕಾಯೂ ಫೋನೂ ಒಟ್ಟಿಗೇ ಬಿದ್ವು.

ಅಪ್ಪ ಕಾಯನ್ನ ಕಿವಿ ಹತ್ರ ಅಲ್ಲಾಡಿಸಿ, "ಚೆನ್ನಾಗಿ ಕುಲುಕ್ತೈತೆ ಕಣ್ಲಾ" ಅಂದ.

ನಾನೂ ಫೋನ್ ಅಲ್ಲಾಡಿಸಿ ನೋಡ್ದೆ. ಅದೂ ಕುಲುಕ್ತೈತೆ.