ಕಾಜಾ ಅಕ್ಕನ ಎಂಟನೇ ಮಿಸ್ಡ್ ಕಾಲ್

ಬೆಳಿಗ್ಗೆ ಐದೂವರೆ. ಟೈಲರ್ ಅಂಗಡಿಯ ಮೇಲೆ, ಎರಡನೇ ಮಹಡಿಯ ಒಂಟಿ ಕೋಣೆಯಲ್ಲಿ ಕಾಜಾ ಅಕ್ಕ ಬಿಸಿನೀರಿನ ಬೋಗುಣಿಯಲ್ಲಿ ಎರಡೂ ಕೈ ಅದ್ದಿ ಕೂತಿದ್ದಾರೆ. ಮುಷ್ಟಿ ಕಟ್ಟಿಕೊಂಡ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳಬೇಕು. ಹೆಬ್ಬೆರಳು ಬೇಗ ಮಾತು ಕೇಳುತ್ತದೆ, ಕಿರುಬೆರಳಿಗೆ ಭಾರೀ ಜಂಬ. "ಏಳಪ್ಪಾ ದೊರೆ, ಬೆಳಗಾಯ್ತು," ಎಂದು ಅದನ್ನು ಗದರುತ್ತಾರೆ. ಪಕ್ಕದ ಸ್ಟೂಲಿನ ಮೇಲೆ ಗುಂಡಿ ಒತ್ತುವ ಹಳೇ ಮೊಬೈಲು. ಕಣ್ಣೆಲ್ಲ ಅದರ ಮೇಲೆಯೇ.

ಅದು ಒಂದು ಸಲ ರಿಂಗಾಗಿ ನಿಲ್ಲುತ್ತದೆ. "ಹೂವಿನಂಗಡಿಯವಳು. ಎದ್ದಳು." ಮತ್ತೊಂದು. "ಲೈಬ್ರರಿಯವರು. ಎದ್ದರು." ಆರು ಗಂಟೆಯೊಳಗೆ ಏಳು ಮಿಸ್ಡ್ ಕಾಲ್ ಬರುತ್ತವೆ. ಎಂಟನೆಯದು ಬರುವುದಿಲ್ಲ. ಇವತ್ತಿಗೆ ಐದು ದಿನವಾಯಿತು.

ಶರ್ಟಿಗೆ ಕಾಜಾ ಹೊಲಿಯುವುದು, ಅಂದರೆ ಗುಂಡಿ ತೂರುವ ಸೀಳಿಗೆ ಅಂಚು ಕಟ್ಟುವುದು, ಇಪ್ಪತ್ತಾರು ವರ್ಷದಿಂದ ಇವರ ಕೆಲಸ. ಬೀದಿಯಲ್ಲಿ ಅರ್ಧ ಜನರ ಎದೆ ಮೇಲೆ ಇವರ ಕೈಚಳಕವಿದೆ, ಹೆಸರು ಮಾತ್ರ ಟೈಲರ್‌ದು. ಒಂದು ಕಾಲಕ್ಕೆ ದಿನಕ್ಕೆ ಇನ್ನೂರು ಕಾಜಾ. "ರೇಡಿಯೋದಲ್ಲಿ ಹಾಡು ಬರ್ತಿದ್ರೆ ಸೂಜಿ ತಾನಾಗೇ ಓಡ್ತಿತ್ತು. ಅಯ್ಯೋ, ಏನು ಕೈ ಅದು! ಈಗ ನೆನೆಸ್ಕೊಂಡ್ರೆ ಬೇರೆ ಯಾರದೋ ಕೈ ಅನ್ಸುತ್ತೆ." ಈಗ ಎಂಟು ಶರ್ಟು, ಅರವತ್ನಾಲ್ಕು ಕಾಜಾ. ಅಷ್ಟೇ, ಒಂದೂ ಹೆಚ್ಚಿಲ್ಲ.

ಹನ್ನೆರಡು ವರ್ಷದ ಹಿಂದೆ ಮೈಗೆ ಅದೇನೋ ಬಂದು ಕೂತಿತು. ಇವತ್ತು ಭುಜ, ನಾಳೆ ಮಂಡಿ. ತಲೆ ಬಾಚಿಕೊಂಡರೂ ಸುಸ್ತು. ರಕ್ತ, ಎಕ್ಸ್‌ರೇ, ಸ್ಕ್ಯಾನು ಎಲ್ಲ ಮಾಡಿಸಿದ್ದಾಯಿತು. ಎಲ್ಲವೂ ನಾರ್ಮಲ್! "ರಿಪೋರ್ಟ್ ಚೆನ್ನಾಗಿದೆ ಅಂದಾಗ ಎಲ್ಲರೂ ಖುಷಿ ಪಡ್ತಾರೆ. ನಾನು ಅಳ್ತಿದ್ದೆ. ನಮ್ಮತ್ತೆಯಂತೂ 'ಕೆಲಸಗಳ್ಳಿ' ಅಂದುಬಿಟ್ರು." ಇವತ್ತಿಗೂ ಒಬ್ಬ ಡಾಕ್ಟರ್ ಒಂದು ಹೆಸರು ಹೇಳಿದರೆ ಇನ್ನೊಬ್ಬರು ಅದಲ್ಲ ಅನ್ನುತ್ತಾರೆ.

ಆಸ್ಪತ್ರೆಯ ಬೆಂಚಿನ ಮೇಲೆ ಒಂದು ದಿನ ಪಕ್ಕದಲ್ಲಿ ಕೂತ ಬಸ್ ಕಂಡಕ್ಟರಮ್ಮ ಕೇಳಿದರಂತೆ: "ಟಿಕೆಟ್ ಹರಿಯೋಕೆ ನನ್ನ ಬೆರಳು ಬಗ್ಗಲ್ಲ ಕಣ್ರೀ. ನಿಮ್ಗೂ ಬೆಳಿಗ್ಗೆ ಹಾಗೇನಾ?" ಗುರುತು ಪರಿಚಯವಿಲ್ಲದ ಆ ಖಾಕಿ ಭುಜಕ್ಕೆ ತಲೆಯಿಟ್ಟು ಅಕ್ಕ ಗೊಳೋ ಎಂದು ಅತ್ತರು. ಹದಿನಾಲ್ಕು ತಿಂಗಳಲ್ಲಿ ಅವರನ್ನು ನಂಬಿದ ಮೊದಲ ಜೀವ ಅದು.

ಮಿಸ್ಡ್ ಕಾಲ್ ಶುರುವಾದದ್ದು ಆ ವಾರವೇ. ಒಂದು ರಿಂಗ್ ಅಂದರೆ ಎದ್ದೆ. ಎರಡು ಅಂದರೆ ಇವತ್ತು ಏಳಲಾರೆ, ನೀನೇ ಫೋನ್ ಮಾಡು. ಒಂದು ರಿಂಗನ್ನು ಯಾರೂ ಎತ್ತುವಂತಿಲ್ಲ, ಎದ್ದ ಕೂಡಲೇ ಮಾತಾಡುವ ತ್ರಾಣ ಯಾರಿಗಿದೆ? ಎರಡು ಕೊಟ್ಟವರಿಗೆ ಬುದ್ಧಿಮಾತು ಹೇಳುವಂತಿಲ್ಲ. "ಕಷಾಯ ಕುಡಿ, ವಾಕಿಂಗ್ ಹೋಗು ಅನ್ನೋರು ಊರ ತುಂಬ ಇದ್ದಾರೆ. ನಾವು ಬೀದೀಲಿ ಏನಾಯ್ತು, ಯಾರು ಯಾರ ಜೊತೆ ಜಗಳ ಆಡಿದ್ರು, ಅದನ್ನ ಹೇಳ್ತೀವಿ." ಇದೇ ನೋವಿನವರು ಒಬ್ಬೊಬ್ಬರಾಗಿ ಸೇರಿ, ಇಬ್ಬರಿದ್ದದ್ದು ಒಂಬತ್ತು ಜನರಾದರು.

ಈ ಕಾಯಿಲೆಯವರೆಲ್ಲ ಮಾಡುವ ತಪ್ಪು ಒಂದಿದೆ: ಮೈ ಹಗುರಾದ ದಿನ ಬಾಕಿ ಕೆಲಸವನ್ನೆಲ್ಲ ಬಾಚಿಕೊಳ್ಳುವುದು. ಎಲ್ಲರಿಗೂ ಬೇಡ ಬೇಡ ಎನ್ನುವ ಅಕ್ಕನೇ ಒಮ್ಮೆ ಹಳೇ ಹುರುಪಿನಲ್ಲಿ ಇನ್ನೂರು ಕಾಜಾ ಹೊಲಿದುಬಿಟ್ಟರು. ಮರುದಿನ ಹಾಸಿಗೆ ಬಿಟ್ಟೇಳಲಾಗಲಿಲ್ಲ. ನಾಚಿಕೆಗೆ ರಿಂಗೂ ಕೊಡಲಿಲ್ಲ. ಎಂಟು ಗಂಟೆಗೆ ಬಾಗಿಲಲ್ಲಿ ಕಂಡಕ್ಟರಮ್ಮ! ನಲವತ್ತು ಮೆಟ್ಟಿಲು, ನಡುನಡುವೆ ಕೂತು, ಕಂಬಿ ಹಿಡಿದು ಹತ್ತಿ ಬಂದಿದ್ದರು. "ಎರಡು ರಿಂಗ್ ಕೊಡೋಕೆ ಏನೇ ಧಾಡಿ ನಿಂಗೆ, ಮಹಾರಾಣಿ?" ಆಮೇಲೆ ಇಬ್ಬರೂ ಒಂದೇ ಚಾಪೆಯ ಮೇಲೆ ಸಂಜೆವರೆಗೆ ಬಿದ್ದುಕೊಂಡು ನಕ್ಕರಂತೆ. "ಅಂಥ ದಿನ ಮತ್ತೆ ಬರಲಿಲ್ಲ ನೋಡಿ," ಎನ್ನುತ್ತಾರೆ ಅಕ್ಕ.

ನಿವೃತ್ತಿಯಾದ ಮೇಲೆ ಕಂಡಕ್ಟರಮ್ಮ ದೂರದ ಊರಿಗೆ ಹೋದರು. ರಿಂಗ್ ಮಾತ್ರ ತಪ್ಪಿಸಲಿಲ್ಲ. ಐದು ದಿನದ ಹಿಂದೆ ಅದೂ ನಿಂತಿತು. ಅಕ್ಕನೇ ಫೋನ್ ಮಾಡಿದರೆ ಎತ್ತಿದ್ದು ಅವರ ಗಂಡ. ಇಷ್ಟು ವರ್ಷವೂ ಹೆಂಡತಿಯ ಕಾಯಿಲೆಯನ್ನು 'ನಾಟಕ' ಎಂದವರು, ಈ ಮಿಸ್ಡ್ ಕಾಲನ್ನು 'ಹುಚ್ಚಾಟ' ಎಂದವರು. "ಮಲಗಿದ್ದಾಳೆ, ಮಾತಾಡೋ ಹಾಗಿಲ್ಲ," ಎಂದು ಇಟ್ಟುಬಿಟ್ಟರು.

"ವಾಸಿ ಆಗ್ಲಿ ಅನ್ನೋ ಆಸೆ ಬಿಟ್ಟು ಬಹಳ ಕಾಲ ಆಯ್ತು. ಬೆಳಗಾದ್ರೆ ಎಂಟೂ ಬರಬೇಕು, ಅಷ್ಟೇ ನಂಗೆ," ಎನ್ನುತ್ತಾ ಅಕ್ಕ ಕೈ ಒರೆಸಿಕೊಂಡು ಸೂಜಿಗೆ ದಾರ ಪೋಣಿಸುತ್ತಾರೆ.

ಆರೂ ಹತ್ತು. ಮೊಬೈಲು ರಿಂಗಾಗಿ ನಿಲ್ಲುತ್ತದೆ. ಕಂಡಕ್ಟರಮ್ಮನ ನಂಬರು! ಅಕ್ಕ ಸೂಜಿ ಕೆಳಗಿಡುತ್ತಾರೆ. ಮತ್ತೊಮ್ಮೆ ರಿಂಗಾಗಿ ನಿಲ್ಲುತ್ತದೆ. ಎರಡು. ಏಳಲಾರಳು, ಆದರೆ ಇದ್ದಾಳೆ. ಅಕ್ಕ ಆ ನಂಬರಿಗೇ ಫೋನ್ ಮಾಡುತ್ತಾರೆ.

ಆ ಕಡೆ ಗಂಡಸಿನ ದನಿ, ತಡವರಿಸುತ್ತಿದೆ. "ಅವಳ ಕೈಗೆ ಆಗ್ತಿಲ್ಲಮ್ಮ. ಎರಡು ಸಲ ಕೊಡಿ ಅಂದ್ಲು, ನಾನೇ ಕೊಟ್ಟೆ. ಸರಿಯಾಗಿ ಮಾಡಿದ್ನಾ?"

ಅಕ್ಕ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಾರೆ. "ಸರಿಯಾಗೇ ಮಾಡಿದ್ರಿ ಭಾವ. ಫೋನ್ ಅವಳ ಕಿವಿ ಹತ್ರ ಇಡಿ. ನಮ್ಮ ಬೀದೀಲಿ ನಿನ್ನೆ ಒಂದು ದೊಡ್ಡ ಜಗಳ ಆಯ್ತು, ಹೇಳ್ಬೇಕು."