ದೊಡ್ಡಪ್ಪನ ಟಕಟಕ

ದೆವ್ವ, ಆತ್ಮ, ಸತ್ತವರ ಸುಳಿವು ಅಂತ ಮಾತು ಶುರುವಾದರೆ ನಾನು ಎದ್ದು ಹೋಗುವ ಪೈಕಿ. ಚಿಂತಾಮಣಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತೈದು ವರ್ಷ ವಿಜ್ಞಾನ ಪಾಠ ಹೇಳಿದವಳು. ಇಂಥ ಕಥೆ ಹೊತ್ತು ತಂದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ಈಗ ಅಂಥದೇ ಒಂದನ್ನು ನಾನೇ ಬರೆಯಲು ಕೂತಿದ್ದೇನೆ, ನಗುವವರು ನಗಲಿ. ಅವತ್ತು ನಡೆದದ್ದರಿಂದ ನನಗೆ ಭಯವೇನೂ ಆಗಿಲ್ಲ. ಸಿಟ್ಟು ಬಂದಿದೆ, ಆರು ವರ್ಷವಾದರೂ ಇಳಿದಿಲ್ಲ.

ನಮ್ಮ ದೊಡ್ಡಪ್ಪ ಸೈನ್ಯದ ಸಿಗ್ನಲ್ ವಿಭಾಗದಲ್ಲಿದ್ದವರು. ವೈರ್‌ಲೆಸ್ ಯಂತ್ರದ ಗುಂಡಿ ಒತ್ತಿ, ಚಿಕ್ಕ ಸದ್ದು ಉದ್ದ ಸದ್ದುಗಳಲ್ಲೇ ಸುದ್ದಿ ಕಳಿಸುವ ಕೆಲಸ. ಬಾಂಗ್ಲಾ ಯುದ್ಧದಲ್ಲಿ ಭುಜಕ್ಕೆ ಷೆಲ್ಲಿನ ಚೂರು ಹೊಕ್ಕರೂ ಯಂತ್ರ ಬಿಟ್ಟು ಏಳಲಿಲ್ಲವೆಂದು ಅವರಿಗೆ ಪದಕ ಕೊಟ್ಟಿದ್ದರು. ಇಷ್ಟು ಕೂಡ ನಮಗೆ ಗೊತ್ತಾದದ್ದು ಪದಕದ ಜೊತೆ ಬಂದ ಕಾಗದದಿಂದ. ಅವರ ಬಾಯಿ ಬಿಡಿಸಲು ನಾನು ಚಿಕ್ಕಂದಿನಿಂದ ಹೆಣಗಿದ್ದೇನೆ. ಹೇಗೆ ಕೇಳಿದರೂ ಒಂದೇ ಉತ್ತರ.

"ಆ ಕಡೆಯವ್ರು ಮುಟ್ತು ಅನ್ನೋವರ್ಗೂ ಕಳಿಸ್ತಾನೇ ಇದ್ದೆ ಕಣಮ್ಮ. ಅಷ್ಟೇ."

ಸೈನ್ಯ ಬಿಟ್ಟು ಬಂದಮೇಲೆ ಸಾದಲಿಯ ಹತ್ತಿರ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕಿದರು. ಯಂತ್ರ ಹೋದರೂ ಬೆರಳು ಸುಮ್ಮನಿರಲಿಲ್ಲ. ಊಟದ ತಟ್ಟೆ, ಕಾಫಿ ಲೋಟ, ಬಸ್ಸಿನ ಕಂಬಿ, ಎಲ್ಲದರ ಮೇಲೂ ಟಕಟಕ. ಚಿಕ್ಕ ಸದ್ದಿಗೆ ಉಗುರಿನಿಂದ ಒಂದು ಏಟು, ಉದ್ದ ಸದ್ದಿಗೆ ಉಗುರು ಎಳೆಯುವುದು. ದೊಡ್ಡಮ್ಮ ತಲೆ ಚಚ್ಚಿಕೊಳ್ಳುತ್ತಿದ್ದರು. ಒಂದು ಬೇಸಿಗೆ ರಜೆಯಲ್ಲಿ ನನಗೂ ಕಲಿಸಲು ಕೂತರು. ನನ್ನ ತಲೆಯಲ್ಲಿ ನಿಂತದ್ದು ಒಂದೇ ಒಂದು: ಚಿಕ್ಕದು, ಉದ್ದ, ಚಿಕ್ಕದು. ಹಾಗೆಂದರೆ 'ಮುಟ್ಟಿತು'. ನಾನು ಅದನ್ನೇ ಆಟಕ್ಕೆ ಬಡಿಯುತ್ತಿದ್ದರೆ ಗದರುತ್ತಿದ್ದರು.

"ಪೂರ್ತಿ ತಗೊಳ್ದೆ ಮುಟ್ತು ಅನ್ಬಾರ್ದು. ಅಂದ್ಬಿಟ್ರೆ ಅವ್ನು ಇನ್ನೊಂದ್ಸಲ ಕಳ್ಸಲ್ಲ."

ಪ್ರತಿ ಸ್ವಾತಂತ್ರ್ಯ ದಿನ ಕೋಟಿಗೆ ಪದಕ ಚುಚ್ಚಿಕೊಂಡು ಬಾವುಟ ಹಾರಿಸುವ ಕಡೆಗೆ ಹೋಗುತ್ತಿದ್ದರು. ಕೊನೆಯ ವರ್ಷ, ಕರೆದ ಪುಣ್ಯಾತ್ಮರು ಅವರನ್ನು ಎರಡು ಗಂಟೆ ಬಿಸಿಲಲ್ಲಿ ಕೂರಿಸಿ, ಹೆಸರು ಹೇಳುವುದನ್ನೇ ಮರೆತು, ಕೈಗೊಂದು ಲಾಡು ಕೊಟ್ಟು ಕಳಿಸಿದರು. ಮನೆಗೆ ಬಂದವರೇ ಪದಕ ಬಿಚ್ಚಿ ಎಲ್ಲೋ ಇಟ್ಟುಬಿಟ್ಟರು. ಎಲ್ಲಿ ಅಂತ ಹೆಂಡತಿಗೂ ಹೇಳಲಿಲ್ಲ. ಮುಂದಿನ ಬೇಸಿಗೆಯಲ್ಲಿ ಲಕ್ವ ಹೊಡೆದು ಮಾತೂ ನಿಂತಿತು. ಎಂಟು ದಿನ ಕಬ್ಬಿಣದ ಮಂಚದಲ್ಲಿ ಮಲಗಿ, ಒಂದೇ ಬೆರಳಿನಿಂದ ಮಂಚದ ಪಟ್ಟಿಯ ಮೇಲೆ ಟಕಟಕ ಅನ್ನಿಸುತ್ತಲೇ ಇದ್ದರು. ಹಳೆಯ ಚಾಳಿ ಅಂದುಕೊಂಡೆವು. ಒಂದು ಸಲ ನಾನೇ ಆ ಕೈ ಹಿಡಿದು ಹೊದಿಕೆಯೊಳಗೆ ಇಟ್ಟೆ. ಮಾರನೆಯ ದಿನ ಹೋದರು.

ಹನ್ನೊಂದನೇ ದಿನದ ತಿಥಿಗೆ ಫೋಟೋದ ಮುಂದೆ ಪದಕ ಇರಲೇಬೇಕೆಂದು ದೊಡ್ಡಮ್ಮ ಹಟ ಹಿಡಿದರು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡುತ್ತೇವೆ, ಬಸ್ಸಾರು ಮುದ್ದೆ ಇಡುತ್ತೇವೆ, ಬೀಡಿಯನ್ನೂ ಇಡುತ್ತೇವೆ, ಅದೊಂದನ್ನು ಬಿಡುವುದು ಹೇಗೆ ಅಂತ ಅವರ ವಾದ. ಹುಡುಕುವ ಕೆಲಸ ನನ್ನ ತಲೆಗೆ ಬಂತು. ಟ್ರಂಕು, ದೇವರ ಗೂಡು, ರಾಗಿ ಡ್ರಮ್ಮು, ಹುಳುಮನೆಯ ತಟ್ಟೆಗಳ ಸಂದು, ಒಂದನ್ನೂ ಬಿಡಲಿಲ್ಲ. ಮೂಗಿನ ತುಂಬ ದೂಳು ಸಿಕ್ಕಿತೇ ಹೊರತು ಪದಕ ಸಿಗಲಿಲ್ಲ. ಸತ್ತವರ ಮೇಲೆ ಅಷ್ಟು ಸಿಟ್ಟಾಗಬಾರದು, ಆದರೆ ಆಗಿತ್ತು.

ತಿಥಿಯ ಹಿಂದಿನ ಮಧ್ಯಾಹ್ನ ಆ ಖಾಲಿ ಮಂಚದ ಪಕ್ಕದಲ್ಲಿ ಕೂತು, ಪೇಟೆಯಿಂದ ತರಬೇಕಾದ ಸಾಮಾನಿನ ಪಟ್ಟಿ ಬರೆಯುತ್ತಿದ್ದೆ. ಹಾಸಿಗೆಯನ್ನು ಆಗಲೇ ಆಚೆ ಹಾಕಿದ್ದರು. ಆಗ ಶುರುವಾಯಿತು. ಉಗುರಿನ ಏಟು, ಏಟು, ಎಳೆತ. ಹಲ್ಲಿ ಇರಬೇಕು ಅಂತ ಗೋಡೆ ನೋಡಿದೆ. ಫ್ಯಾನು ನಿಂತಿತ್ತು. ಮಂಚದ ಪಟ್ಟಿಯ ಮೇಲೆ ಕೈಯಿಟ್ಟೆ, ಸಣ್ಣಗೆ ಅದುರುತ್ತಿತ್ತು. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ ಅಂತ ನನಗೆ ನಾನೇ ಪಾಠ ಹೇಳಿಕೊಂಡೆ. ಆದರೆ ಹಿಗ್ಗುವ ಕಬ್ಬಿಣ ಒಂದಿಷ್ಟು ಬಡಿದು, ಸ್ವಲ್ಪ ತಡೆದು, ಮತ್ತೆ ಅದನ್ನೇ ಅದೇ ಕ್ರಮದಲ್ಲಿ ನಾಲ್ಕು ಸಲ ಬಡಿಯುವುದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಅಡುಗೆಮನೆಯಿಂದ ದೊಡ್ಡಮ್ಮ ಬಂದು ಬಾಗಿಲಲ್ಲಿ ನಿಂತಿದ್ದರು. ಅವರಿಗೂ ಕೇಳಿಸುತ್ತಿತ್ತು.

ಐದನೇ ಸಲ ಶುರುವಾದಾಗ ನನ್ನ ತಾಳ್ಮೆ ಹೋಯಿತು. ಬದುಕಿದ್ದಾಗ ಒಂದು ವಿಷಯವನ್ನೂ ಬಾಯಿಬಿಟ್ಟು ಹೇಳದ ಮನುಷ್ಯ, ಈಗ ನನ್ನ ತಲೆ ತಿನ್ನುತ್ತಿದ್ದಾರೆ ಅನ್ನಿಸಿತು. ರೇಗಿಹೋಗಿ, ಬಗ್ಗಿ, ಮಂಚದ ಪಟ್ಟಿಯ ಮೇಲೆ ಉಗುರಿನಿಂದ ಬಡಿದೆ. ಚಿಕ್ಕದು, ಉದ್ದ, ಚಿಕ್ಕದು.

ಆ ಸದ್ದು ಅರ್ಧಕ್ಕೇ ನಿಂತುಹೋಯಿತು.

ದೊಡ್ಡಮ್ಮ ಹತ್ತಿರ ಬಂದು ನನ್ನ ತೋಳು ಹಿಡಿದುಕೊಂಡರು. "ನಲವತ್ತೆಂಟು ವರ್ಷ ಕೇಳಿಸ್ಕೊಂಡೆ ಕಣಮ್ಮ, ಒಂದಕ್ಷರ ತಿಳೀಲಿಲ್ಲ ನಂಗೆ. ನೀನು ಉತ್ರ ಕೊಟ್ಯಲ್ಲ. ಏನಂದ್ರು? ಮೆಡಲ್ ಎಲ್ಲಿಟ್ಟಿದೀನಿ ಅಂದ್ರು?"

ನನ್ನ ತೊಡೆಯ ಮೇಲೆ ಕಾಗದವಿತ್ತು, ಕೈಯಲ್ಲಿ ಪೆನ್ನಿತ್ತು. ಆ ಏಟುಗಳನ್ನು ಗೀಟು ಚುಕ್ಕಿ ಹಾಕಿ ಬರೆದುಕೊಂಡಿದ್ದರೆ, ಮೊಬೈಲಿನಲ್ಲಿ ಹುಡುಕಿ ಹತ್ತು ನಿಮಿಷದಲ್ಲಿ ಓದಬಹುದಿತ್ತು. ಅವರು ಮಲಗಿದ್ದ ಎಂಟು ದಿನವೂ ಓದಬಹುದಿತ್ತು. ಗೊತ್ತಾಗಲಿಲ್ಲ ದೊಡ್ಡಮ್ಮ ಅಂದೆ. ಅವರು ನನ್ನ ತೋಳು ಬಿಟ್ಟು ಒಳಗೆ ಹೋದರು. ಮಾರನೆಯ ದಿನ ಫೋಟೋದ ಮುಂದೆ ಪದಕದ ಜಾಗದಲ್ಲಿ ಅದರ ಕಾಗದ ಇಟ್ಟೆವು. ಪದಕ ಇವತ್ತಿಗೂ ಸಿಕ್ಕಿಲ್ಲ.

ಆ ಸದ್ದು ಏನೆಂದು ನನ್ನನ್ನು ಕೇಳಬೇಡಿ, ನನಗೆ ಗೊತ್ತಿಲ್ಲ. ಆಮೇಲೆ ಎಲ್ಲ ಅಕ್ಷರಗಳನ್ನೂ ಕಲಿತೆ, ಎರಡು ವಾರವೂ ಹಿಡಿಯಲಿಲ್ಲ. ಮಂಚವನ್ನು ಚಿಂತಾಮಣಿಗೆ ತಂದಿಟ್ಟುಕೊಂಡಿದ್ದೇನೆ. ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಅದರ ಪಟ್ಟಿಯ ಮೇಲೆ 'ಇನ್ನೊಮ್ಮೆ ಕಳಿಸಿ' ಅಂತ ಬಡಿದು ಕಾಯುತ್ತೇನೆ. ದೊಡ್ಡಪ್ಪ ನಿಯಮ ಮೀರಿದವರಲ್ಲ. ಮುಟ್ಟಿತು ಅಂತ ನಾನೇ ಹೇಳಿದ್ದೇನಲ್ಲ, ಅವರು ಇನ್ನು ಕಳಿಸುವುದಿಲ್ಲ.